ಗಾರ್ಡ್ ಸಾಹೇಬರ ಹಂಸಗಳು

“ಅಜ್ಜಾರೆ, ಇನ್ನು ಬರುವುದು ಏನೂ ಉಳಿದಿಲ್ಲ ಎಂದು ಮನುಷ್ಯನಿಗೆ ಹೇಗೆ ತಿಳಿಯುತ್ತದೆ?”

ಹೀಗೆ ಕೇಳಿದವನು ಸಂಗನಬಸವ. ಅವನು ನಮ್ಮ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬೆಳಗಿನ ಪೂಜೆ ಮುಗಿದು ಗುರುಗಳು ಕಟ್ಟೆಯ ಮೇಲೆ ಕೂತಿದ್ದರು. ನಾವೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುವುದು. ನಾನು ಒಂದು ಮೂಲೆಯಲ್ಲಿ ಮರುದಿನದ ಪತ್ರೆ ಬಿಡಿಸುತ್ತಿದ್ದೆ. ಸಂಗನಬಸವನ ತೊಡೆಯ ಮೇಲೆ ಬಟ್ಟೆಯ ಗಂಟು ಇತ್ತು. ಅದನ್ನು ಕಂಡಾಗಲೇ ನನಗೆ ಅರ್ಥವಾಯಿತು.

ಅವನು ತಲೆ ತಗ್ಗಿಸಿ ಹೇಳಿಕೊಂಡ. ಒಂಬತ್ತು ವರ್ಷ ಒಂದು ದಿನವೂ ನೇಮ ತಪ್ಪಿಸಿಲ್ಲ. ಮೊದಲ ವರ್ಷ ಜಪದಲ್ಲಿ ಏನೋ ಬೆಳಕಿನಂಥದ್ದು ಕಂಡಿತ್ತು. ಆಮೇಲೆ ಏನೂ ಇಲ್ಲ. ಒಂದೇ ಬಣ್ಣದ ದಿನಗಳು, ಒಂದರ ಹಿಂದೆ ಒಂದು. ಬರುವುದೆಲ್ಲ ಬಂದು ಹೋಗಿರಬೇಕು. ತಾವು ಅಪ್ಪಣೆ ಕೊಟ್ಟರೆ ಹೊರಡುತ್ತೇನೆ ಎಂದ.

ಅಜ್ಜಾರು ಗಂಟನ್ನು ನೋಡಿದರು. ಹೊರಡು ಎನ್ನಲಿಲ್ಲ, ಇರು ಎನ್ನಲಿಲ್ಲ. ಒಂದು ಕತೆ ಹೇಳಿದರು. ನೆನಪಿದ್ದಂತೆ ಬರೆಯುತ್ತೇನೆ. ಇದರಲ್ಲಿ ತಪ್ಪಿದ್ದರೆ ಅದು ನನ್ನದು. ಸರಿಯಿದ್ದರೆ ಅವರ ಪ್ರಸಾದ.

ಒಬ್ಬ ಗಾರ್ಡ್ ಇದ್ದ. ರೈಲುಗಾಡಿಯ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುತ್ತಾರಲ್ಲ, ಆ ಗಾರ್ಡ್. ಅವನ ಗಾಡಿ ಉತ್ತರಕ್ಕೆ ಹೋಗುವಾಗ ಮೂರು ಹೊಳೆ ದಾಟುತ್ತಿತ್ತು: ಮಲಪ್ರಭೆ, ಕೃಷ್ಣೆ, ಭೀಮೆ. ಉಳಿದ ಗಾರ್ಡ್‌ಗಳು ಸೇತುವೆ ಬಂದಾಗ ಒಳಗೆ ಕೂತು ಗಾಡಿಯ ವೇಳೆ ಬರೆಯುತ್ತಿದ್ದರು. ಇವನು ಮಾತ್ರ ಬಾಗಿಲಿಗೆ ಬಂದು ಪ್ರತಿ ಹೊಳೆಗೂ ಕೈಮುಗಿಯುತ್ತಿದ್ದ. ಬರೆಯುವುದನ್ನು ಆಚೆ ದಡದಲ್ಲಿ ಬರೆಯುತ್ತಿದ್ದ.

ಒಂದು ವರ್ಷ ಚಳಿ ಹಿಂದೆ ಸರಿಯುವ ಹೊತ್ತಿನಲ್ಲಿ ಅವನ ಹೆಂಡತಿ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ಹನ್ನೆರಡನೆಯ ದಿನ ಅವನು ಕೆಲಸಕ್ಕೆ ಬಂದ. ಬೆಳಗಿನ ಪ್ಯಾಸೆಂಜರ್ ಗಾಡಿ. ಸೇತುವೆಯ ಸದ್ದು ಕೇಳಿ ಅಭ್ಯಾಸದಂತೆ ಬಾಗಿಲಿಗೆ ಬಂದ. ಡಬ್ಬಿಯ ಎರಡೂ ಬದಿಯಲ್ಲಿ ದೊಡ್ಡ ಹಕ್ಕಿಗಳು ಹಾರುತ್ತಿದ್ದವು. ಮೈ ಬೂದು, ತಲೆ ಬಿಳಿ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ. ಚಳಿಗಾಲಕ್ಕೆ ನಮ್ಮ ಕೆರೆ ಹೊಳೆಗಳಿಗೆ ಬಂದು, ಬೇಸಿಗೆ ಹತ್ತಿರವಾದಾಗ ಹಿಮಾಲಯ ದಾಟಿ ಹೋಗುವ ಹೆಬ್ಬಾತುಗಳು ಅವು. ಅವನ ಬಾಯಿಗೆ ಬಂದ ಹೆಸರು ಹಂಸ. ಸೇತುವೆ ಮುಗಿಯುವವರೆಗೆ ಅವು ಅವನ ಬಾಗಿಲಿನ ಸಮಕ್ಕೆ ಹಾರಿದವು. ಆಚೆ ದಡದಲ್ಲಿ ಮೇಲೇರಿ ಉತ್ತರಕ್ಕೆ ಹೋದವು. ತಾನು ಒಬ್ಬನೇ ಅಲ್ಲ ಎಂದು ಅವನಿಗೆ ಅನಿಸಿತು. ಜೊತೆಗೆ ಇದ್ದದ್ದು ಯಾರೆಂದು ಅವನು ಹೆಸರಿಡಲು ಹೋಗಲಿಲ್ಲ.

ಗಾಡಿಯ ಸಿಬ್ಬಂದಿ ಇಳಿದುಕೊಳ್ಳುವ ಕೋಣೆಯಲ್ಲಿ ಇದನ್ನು ಹೇಳಿದ. ಅದೇ ಅವನ ತಪ್ಪಾಯಿತು. ಎಲ್ಲರೂ ನಕ್ಕು, ಯಾವ ಹೊಳೆ ಎಂದು ಕೇಳಿದರು. ಕಣ್ಣು ತುಂಬಿದ್ದವು, ಯಾವ ಹೊಳೆಯೋ ನೆನಪಿಲ್ಲ ಎಂದ. ನಗು ಇನ್ನೂ ಹೆಚ್ಚಿತು. “ಹಂಸ ನೋಡಿದ್ರೋ ಸಾಹೇಬ್ರ, ಹೆಂಡ ನೋಡಿದ್ರೋ?” ಎಂದ ಒಬ್ಬ ಡ್ರೈವರ್. ಹೆಂಡ ಮುಟ್ಟದವನನ್ನು ಕೇಳಿದ ಮಾತು. ಅಂದಿನಿಂದ ಗಾಡಿ ತಡವಾದರೆ ಸಾಕು, ಗಾರ್ಡ್ ಸಾಹೇಬರ ಹಂಸಗಳು ಅಡ್ಡ ಬಂದಿರಬೇಕು ಎಂದು ಪ್ಲಾಟ್‌ಫಾರ್ಮಿನಲ್ಲಿ ಕೂಗಿ ಹೇಳುವುದು ರೂಢಿಯಾಯಿತು.

ಅವನು ಮನೆಗೆ ಬಂದು ಮಗನಿಗೆ ಹೇಳಿದ. ಅವ್ವ ಹೋದ ದುಃಖದಲ್ಲಿ ಏನೋ ಕಂಡಿರಬೇಕು, ಬಿಡಪ್ಪ ಎಂದ ಮಗ. ಪ್ಲಾಟ್‌ಫಾರ್ಮಿನ ನಗುವನ್ನು ಗಾರ್ಡ್ ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಆಮೇಲೆ ಆ ಮಾತನ್ನು ಅವನು ಎಂದೂ ಎತ್ತಲಿಲ್ಲ.

ಮಗ ಬೆಳೆದು ಫೋಟೋಗ್ರಾಫರ್ ಆದ. ಊರಲ್ಲಿ ಒಂದು ಸ್ಟುಡಿಯೋ ಇಟ್ಟ. ಮದುವೆ, ನಾಮಕರಣ, ಶಾಲೆಯ ಮಕ್ಕಳ ಸಾಲು ಎಲ್ಲವನ್ನೂ ತೆಗೆಯುತ್ತಿದ್ದ. ಆದರೆ ಅವನ ಜೀವ ಇದ್ದದ್ದು ರೈಲಿನಲ್ಲಿ. ಹಕ್ಕಿಗಳು ಹೊರಡುವ ಕಾಲ ಬಂದರೆ ಸ್ಟುಡಿಯೋ ಮುಚ್ಚಿ, ಮೋಟರ್ ಸೈಕಲ್ಲಿಗೆ ಕ್ಯಾಮೆರಾ ಚೀಲ ಕಟ್ಟಿ, ಅವುಗಳ ಜೊತೆ ತಾನೂ ಉತ್ತರಕ್ಕೆ ಹೊರಡುತ್ತಿದ್ದ. ಕಟಾವಾದ ಜೋಳದ ಹೊಲ, ಹೂವಾದ ಕುಸುಬೆ, ಬೋಳು ಗುಡ್ಡ, ಗುಡ್ಡದ ಮೇಲೆ ಗೆರೆ ಎಳೆದಂತೆ ಹಾರುವ ಹಕ್ಕಿಸಾಲು, ಹೊಗೆ ಉಗುಳುತ್ತ ಎದುರಾಗುವ ಇಂಜಿನ್, ಎಲ್ಲ ತೆಗೆದಿದ್ದ. ಹಕ್ಕಿ ಮತ್ತು ಗಾಡಿ ಜೊತೆಗಿರುವ ಒಂದು ಚಿತ್ರ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಅದನ್ನು ಯಾಕೆ ಹುಡುಕುತ್ತಿದ್ದೇನೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಗಾಡಿಯ ಫೋಟೋ ತೆಗೆಯುವವರಿಗೆ ಒಂದು ಪದ್ಧತಿ ಉಂಟು. ಅವರಿಗೆ ಬೇಕಾದದ್ದು ಇಂಜಿನ್ನಿನ ಮುಖ. ಮುಖ ಸಿಕ್ಕಿದ ಕೂಡಲೇ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ ಮೋಟರ್ ಸೈಕಲ್ ಒದೆಯುತ್ತಾರೆ. ಪ್ಯಾಸೆಂಜರ್ ಗಾಡಿ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಅಷ್ಟರೊಳಗೆ ರಸ್ತೆಯಲ್ಲಿ ಓಡಿ ಮುಂದಿನ ಸೇತುವೆಯಲ್ಲಿ ಅದೇ ಗಾಡಿಯನ್ನು ಇನ್ನೊಮ್ಮೆ ಹಿಡಿಯುತ್ತಾರೆ. ಗಾಡಿಯ ಬೆನ್ನು ತೆಗೆಯುವವನನ್ನು ಕಂಡರೆ ಹೊಸಬ ಎಂದು ನಗುತ್ತಾರೆ. ಇವನೂ ಅದನ್ನೇ ಮಾಡುತ್ತಿದ್ದ. ಮಲಪ್ರಭೆಯಲ್ಲಿ ಮುಖ, ಕೃಷ್ಣೆಯಲ್ಲಿ ಮುಖ, ಭೀಮೆಯಲ್ಲಿ ಮುಖ. ನಾಲ್ಕು ವರ್ಷ ಹೀಗೆ ಓಡಿದ. ಡ್ರೈವರುಗಳಿಗೂ ಅವನ ಗುರುತಾಗಿತ್ತು. ಅವನನ್ನು ಕಂಡರೆ ಟೋಪಿ ಸರಿಮಾಡಿಕೊಂಡು ಕಿಟಕಿಗೆ ಬರುತ್ತಿದ್ದರು.

ಐದನೆಯ ವರ್ಷ ತಂದೆ ಹಾಸಿಗೆ ಹಿಡಿದ. ಉಸಿರಿನ ತೊಂದರೆ. ಮನೆಗೆ ಕರೆದುಕೊಂಡು ಹೋಗಿ, ಯುಗಾದಿಯವರೆಗೆ ಇದ್ದರೆ ದೊಡ್ಡದು ಎಂದರು ಡಾಕ್ಟರು. ಯುಗಾದಿಗೆ ಮೂರು ವಾರವಿತ್ತು. ಒಂದು ಮಧ್ಯಾಹ್ನ ಮಗ ಗಂಜಿ ಕುಡಿಸುತ್ತಿದ್ದಾಗ ತಂದೆ ಕಣ್ಣು ಮುಚ್ಚಿಕೊಂಡೇ, ಎರಡೂ ಕಡೆ ಇದ್ದವು ಎಂದ. ಮಗನಿಗೆ ಹೇಳಿದ ಮಾತಲ್ಲ ಅದು. ಆದರೆ ಮಗನಿಗೆ ತಿಳಿಯಿತು. ಇಪ್ಪತ್ತೆರಡು ವರ್ಷ ಅಪ್ಪ ಅದನ್ನು ಒಳಗೇ ಇಟ್ಟುಕೊಂಡಿದ್ದಾನೆ. ನಾನು ನಂಬಲಿಲ್ಲ ಎಂಬುದನ್ನೂ ಅದರ ಜೊತೆಗೇ ಇಟ್ಟುಕೊಂಡಿದ್ದಾನೆ. ಹಾಗೆಯೇ ಇವನನ್ನು ಕಳಿಸಬಾರದು. ತಂದೆಯನ್ನು ಅಕ್ಕನ ಕೈಗೆ ಒಪ್ಪಿಸಿ ಅವನು ಮೋಟರ್ ಸೈಕಲ್ ತೆಗೆದ.

ಮರುದಿನ ಬೆಳಿಗ್ಗೆ ಮಲಪ್ರಭೆಯಲ್ಲಿ ಇಂಜಿನ್ನಿನ ಮುಖ ಸಿಕ್ಕಿತು, ಹಕ್ಕಿ ಇರಲಿಲ್ಲ. ಅಲ್ಲಿಂದ ಹೊರಟವನಿಗೆ ದಾರಿಯಲ್ಲಿ ಗಾಲಿ ಪಂಕ್ಚರ್ ಆಯಿತು. ಕೃಷ್ಣೆಯ ಹತ್ತಿರ ಬರುವಾಗ ಸೇತುವೆಗಿಂತ ಈಚೆಗಿರುವ ರೈಲ್ವೆ ಗೇಟು ಆಗಲೇ ಬಿದ್ದಿತ್ತು. ಬೇರೆ ವರ್ಷ ಅವನು ಗೇಟು ದಾಟಿ ಆಚೆ ಬದಿ ಮೋಟರ್ ಸೈಕಲ್ ನಿಲ್ಲಿಸಿರುತ್ತಿದ್ದ. ಈ ಸಲ ಈಚೆಗೇ ಉಳಿದ. ಇಂಜಿನ್ ಬಂತು. ಅದರ ಮುಖ ತೆಗೆದ. ಮೇಲೆ ಬರೀ ಆಕಾಶ. ಕ್ಯಾಮೆರಾ ಚೀಲಕ್ಕೆ ಹಾಕಿ, ಬಕಲ್ ಬಿಗಿದು, ಮೋಟರ್ ಸೈಕಲ್ ಏರಿದ. ಡಬ್ಬಿಗಳು ಹೋಗುತ್ತಲೇ ಇದ್ದವು. ಗೇಟ್‌ಮನ್ ಹಸಿರು ಬಾವುಟ ಹಿಡಿದು ಅಲುಗದೆ ನಿಂತಿದ್ದ. ವಯಸ್ಸಾದವನು.

“ಕಾಕಾ, ಇಂಜಿನ್ ಹೋತಲ್ಲ. ಇದೊಂದು ಸಣ್ಣ ಬಾಗಲಾ ಆದ್ರೂ ತಗೀರಿ, ಗಾಡಿ ಹೋದ ಕೂಡಲೇ ದಾಟತೀನಿ. ಭೀಮಾ ಹೊಳಿ ಮುಟ್ಟಬೇಕು ನಾ.”

“ಇಂಜಿನ್ ಹೋದ್ರ ಇಂಜಿನ್ ಹೋತು, ತಮ್ಮಾ. ಗಾಡಿ ಎಲ್ಲಿ ಹೋತು?”

ಗೇಟ್‌ಮನ್ ಕಣ್ಣು ಗಾಡಿಯಿಂದ ತೆಗೆಯದೆಯೇ ಹೇಳಿದ. ನಡುವೆ ಎಲ್ಲಾದರೂ ಕೊಂಡಿ ಕಳಚಿ ನಾಲ್ಕು ಡಬ್ಬಿ ಹಿಂದೆ ಉಳಿದಿದ್ದರೆ? ಇಂಜಿನ್ ನೋಡಿ ಗೇಟು ತೆಗೆದವನು ಜನರನ್ನು ಕೊಂದಂತೆ. ಕೊನೆಯ ಡಬ್ಬಿಯ ಬೆನ್ನಿಗೆ ಎರಡು ಓರೆ ಗೆರೆ ಅಡ್ಡಹಾಯ್ದ ದೊಡ್ಡ ಕತ್ತರಿ ಗುರುತು ಬರೆದಿರುತ್ತಾರೆ. ಅದನ್ನು ಕಣ್ಣಾರೆ ಕಾಣುವವರೆಗೆ ತನ್ನ ಪಾಲಿಗೆ ಗಾಡಿ ಹೋಗಿಲ್ಲ. ಮೂವತ್ತೊಂದು ವರ್ಷ ಹೀಗೇ ನಿಂತಿದ್ದೇನೆ, ನಿನ್ನ ಸಲುವಾಗಿ ಇವತ್ತು ಕಣ್ಣು ಮುಚ್ಚಲೇನು ಎಂದ.

ಫೋಟೋಗ್ರಾಫರ್ ಸಿಟ್ಟಿನಿಂದ ಮುಖ ತಿರುಗಿಸಿದ. ಆಗ ಸೇತುವೆಯ ಕಡೆಯಿಂದ ಗದ್ದಲ ಕೇಳಿಸಿತು. ಹೊಳೆಯ ಮರಳದಿಬ್ಬದಿಂದ ಹಕ್ಕಿಗಳು ಎದ್ದಿದ್ದವು. ನೂರಾರು. ಒಂದು ಸುತ್ತು ಹಾಕಿ, ಗೆರೆಗೆ ಗೆರೆ ಕೂಡಿ, ಉತ್ತರಕ್ಕೆ ತಿರುಗಿದವು. ಅಷ್ಟರಲ್ಲಿ ಸೇತುವೆ ಏರುತ್ತಿದ್ದದ್ದು ಕೊನೆಯ ಡಬ್ಬಿ. ಹಕ್ಕಿಗಳು ಅದರ ಎರಡೂ ಬದಿಗೆ ಇಳಿದು ಅದರ ಸಮಕ್ಕೆ ಹಾರಿದವು. ಇವನು ಬಕಲ್ ಬಿಚ್ಚಿ ಕ್ಯಾಮೆರಾ ಎತ್ತುವಾಗ ಆಚೆ ದಡದ ಆಕಾಶದಲ್ಲಿ ಚುಕ್ಕಿಗಳಷ್ಟೇ ಉಳಿದಿದ್ದವು.

ಅವನು ರಸ್ತೆಯ ಮೇಲೆಯೇ ಕೂತುಬಿಟ್ಟ. ಗೇಟ್‌ಮನ್ ಗೇಟು ಎತ್ತಿ, ನೀರು ತಂದುಕೊಟ್ಟು, ಇದರಲ್ಲಿ ಹೊಸದೇನಿದೆ ಎಂಬಂತೆ ಹೇಳಿದ. ಬೆಳಗಿನಲ್ಲಿ ಹಕ್ಕಿಗಳು ಮರಳದಿಬ್ಬದ ಮೇಲೆ ಕೂತಿರುತ್ತವೆ. ಇಂಜಿನ್ ಕಬ್ಬಿಣದ ಸೇತುವೆ ಏರಿದರೆ ಸದ್ದಿಗೆ ಬೆದರಿ ಏಳುತ್ತವೆ. ಒಂದು ಸುತ್ತು ಹಾಕುವಷ್ಟರಲ್ಲಿ ಇಂಜಿನ್ ಆಚೆ ದಡದಲ್ಲಿರುತ್ತದೆ. ಇಂಜಿನ್ನಿನವರು ಅವನ್ನು ಎಂದೂ ಕಂಡಿಲ್ಲ. ದಿನಾ ಹಾಗೆ ಎದ್ದು ಮತ್ತೆ ಕೂರುತ್ತವೆ. ತಮ್ಮ ಊರಿಗೆ ಹೊರಡುವ ದಿನ ಮಾತ್ರ ಕೂರುವುದಿಲ್ಲ. ಅವುಗಳ ದಾರಿ ಉತ್ತರ, ಗಾಡಿಯ ದಾರಿಯೂ ಉತ್ತರ. ವರ್ಷಕ್ಕೆ ಎರಡು ಮುಂಜಾನೆ, ಹೆಚ್ಚೆಂದರೆ ಮೂರು.

ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದು ಇವನು ಕೇಳಿದ. ಯಾರು ಕೇಳಿದರು ಎಂದ ಗೇಟ್‌ಮನ್. ನೀನೇ ನಾಲ್ಕು ವರ್ಷದಿಂದ ಇಲ್ಲಿ ಬರುತ್ತೀ, ಇಂಜಿನ್ ಮೂತಿ ತೆಗೆದುಕೊಂಡು ಮನೆಗೆ ಬೆಂಕಿ ಬಿದ್ದವರ ಹಾಗೆ ಓಡುತ್ತೀ ಎಂದ.

ಫೋಟೋಗ್ರಾಫರ್ ತನ್ನ ಬೂಟುಗಳನ್ನು ನೋಡುತ್ತ ಕೂತ. ಅವನ ತಂದೆ ಜೀವಮಾನವೆಲ್ಲ ಇದ್ದದ್ದು ಕೊನೆಯ ಡಬ್ಬಿಯಲ್ಲಿ. ತಂದೆ ಕಂಡದ್ದನ್ನು ಇವನು ಇಷ್ಟು ವರ್ಷ ಹುಡುಕಿದ್ದು ಇಂಜಿನ್ನಿನ ಮುಂದೆ.

ಮರಳದಿಬ್ಬದ ಮೇಲೆ ಇನ್ನೊಂದು ಹಿಂಡು ಉಳಿದಿತ್ತು. ಅವನು ಸ್ಟೇಷನ್ನಿನ ಮೂಲಕ ಅಕ್ಕನಿಗೆ ಸುದ್ದಿ ಕಳಿಸಿ ಗೇಟಿನ ಮನೆಯಲ್ಲೇ ತಂಗಿದ. ಮರುದಿನ ಗಾಡಿ ಬಂತು, ಹಕ್ಕಿಗಳು ಎದ್ದವು, ಸುತ್ತು ಹಾಕಿದವು, ಮತ್ತೆ ಕೂತವು. ಅವನು ಕ್ಯಾಮೆರಾ ಇಳಿಸದೆ ಕತ್ತರಿ ಗುರುತಿನವರೆಗೂ ನಿಂತ. ಏನೂ ಸಿಗಲಿಲ್ಲ.

ಆ ಸಂಜೆ ಸ್ಟೇಷನ್ನಿನಿಂದ ಗೇಟಿನ ಫೋನಿಗೆ ಸುದ್ದಿ ಬಂತು. ತಂದೆಯ ಉಸಿರಿನ ತೊಂದರೆ ಹೆಚ್ಚಾಗಿದೆ, ಬಂದರೆ ಒಳ್ಳೆಯದು ಎಂದು ಅಕ್ಕ ಹೇಳಿಕಳಿಸಿದ್ದಳು. ಅವನು ಚೀಲ ಕಟ್ಟಿ ಮೋಟರ್ ಸೈಕಲ್ಲಿನ ಹತ್ತಿರ ಹೋದ. ಹೊರಟರೆ ಬರಿಗೈಯಲ್ಲಿ ತಂದೆಯ ಮುಂದೆ ನಿಲ್ಲಬೇಕು. ಉಳಿದರೆ ತಂದೆಯೇ ಇಲ್ಲದಿರಬಹುದು. ಗೇಟ್‌ಮನ್ ಒಳಗೆ ರೊಟ್ಟಿ ಬಡಿಯುತ್ತಿದ್ದ. ಫೋಟೋಗ್ರಾಫರ್ ಹೊಳೆಯ ಕಡೆ ತಿರುಗಿ, ತಂದೆ ಮಾಡುತ್ತಿದ್ದಂತೆ ಕೈಮುಗಿದ. ಜೀವನದಲ್ಲಿ ಅವನು ಹೊಳೆಗೆ ಕೈಮುಗಿದದ್ದು ಅದೇ ಮೊದಲು. ಒಂದು ಗಾಡಿ, ಶಿವನೇ, ಇನ್ನೊಂದೇ ಗಾಡಿ ನೋಡಿ ಹೋಗುತ್ತೇನೆ, ಅಷ್ಟರವರೆಗೆ ಅಪ್ಪನನ್ನು ನೀನು ನೋಡಿಕೋ ಎಂದು ಕೇಳಿಕೊಂಡ. ಚೀಲ ಬಿಚ್ಚಿದ.

ಬೆಳಗಾಯಿತು. ಗೇಟು ಬಿತ್ತು. ಇಂಜಿನ್ ಬಂತು. ಡ್ರೈವರ್ ಇವನನ್ನು ಕಂಡು ಟೋಪಿ ಸರಿಮಾಡಿಕೊಂಡು ಕಿಟಕಿಗೆ ಬಂದ. ಇವನು ಕ್ಯಾಮೆರಾ ಎತ್ತಲಿಲ್ಲ. ಡ್ರೈವರಿಗೆ ಬೇಸರವಾಗಿರಬೇಕು. ಉದ್ದಕ್ಕೆ ಹಾರ್ನ್ ಬಾರಿಸುತ್ತ ಸೇತುವೆ ಏರಿದ. ಡಬ್ಬಿಗಳು ಹೊರಟವು. ಒಂದೇ ಬಣ್ಣದ ಡಬ್ಬಿಗಳು, ಒಂದರ ಹಿಂದೆ ಒಂದು. ಒಂದೊಂದು ಡಬ್ಬಿ ಹೋದ ಹಾಗೆ ಇನ್ನು ಸಾಕು ಎಂದು ಅವನ ಕೈ ಹೇಳುತ್ತಿತ್ತು. ಇನ್ನೂ ಗಾಡಿ ಹೋಗಿಲ್ಲ ಎಂದು ಅವನು ಕೈಗೆ ಹೇಳಿದ.

ಹಕ್ಕಿಗಳು ಎದ್ದವು. ಸುತ್ತು ಹಾಕುತ್ತ ಇವನ ಬೆನ್ನ ಹಿಂದೆ ಹೋಗಿ ಕಣ್ಣಿಗೆ ಮರೆಯಾದವು. ಅವನು ತಿರುಗಲಿಲ್ಲ. ಕೊನೆಯ ಡಬ್ಬಿ ಬಂತು. ಬೆನ್ನ ಮೇಲೆ ಕತ್ತರಿ ಗುರುತು, ಬಾಗಿಲಲ್ಲಿ ಎಳೆಯ ಗಾರ್ಡ್. ಅವನು ಗೇಟ್‌ಮನ್‌ಗೆ ಹಸಿರು ಬಾವುಟ ತೋರಿಸಿದ, ಗೇಟ್‌ಮನ್ ಅವನಿಗೆ ತೋರಿಸಿದ. ಆಗ ನೆತ್ತಿಯ ಮೇಲೆ ರೆಕ್ಕೆಗಳ ಸದ್ದಾಯಿತು. ಇಡೀ ಹಿಂಡು ಇವನ ತಲೆಯ ಮೇಲಿಂದ ಬಂದು, ಎರಡಾಗಿ ಕವಲೊಡೆದು, ಡಬ್ಬಿಯ ಎಡಕ್ಕೂ ಬಲಕ್ಕೂ ಇಳಿಯಿತು. ಎಳೆಯ ಗಾರ್ಡ್ ಬಾವುಟ ಒಳಗೆ ತೆಗೆದುಕೊಳ್ಳುವುದನ್ನೇ ಮರೆತ. ಹಸಿರು ಬಾವುಟ, ಬೂದು ರೆಕ್ಕೆ, ಮುಂದೆ ಹೊಳೆ, ಆಚೆ ಬೆಳಗಿನ ಗುಡ್ಡ, ಎಲ್ಲವೂ ಉತ್ತರಕ್ಕೆ ಹೊರಟಿದ್ದವು.

ಅವನು ಒಮ್ಮೆ ಒತ್ತಿದ, ಎರಡು ಸಲ ಒತ್ತಿದ. ಆಮೇಲೆ ಕ್ಯಾಮೆರಾ ಇಳಿಸಿ, ಕೈಮುಗಿದು, ಬರಿಗಣ್ಣಿನಿಂದ ನೋಡಿದ.

ಗೇಟ್‌ಮನ್ ಬಾವುಟ ಸುತ್ತಿದ. ಈಗ ಹೋಯಿತು ಗಾಡಿ ಎಂದು ಗೇಟು ಎತ್ತಿದ.

ಫೋಟೋಗ್ರಾಫರ್ ಎಲ್ಲಿಯೂ ನಿಲ್ಲದೆ ಊರಿಗೆ ಬಂದ. ತಂದೆ ಇದ್ದ. ಮಗ ನೇರ ಸ್ಟುಡಿಯೋ ಹೊಕ್ಕು, ಫಿಲ್ಮ್ ತೊಳೆದು, ದೊಡ್ಡದಾಗಿ ಮುದ್ರಿಸಿ, ಇನ್ನೂ ಹಸಿ ಇರುವ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಹಾಸಿಗೆಯ ಮುಂದೆ ನಿಂತ. ಅಕ್ಕ ತಂದೆಯನ್ನು ದಿಂಬಿಗೆ ಒರಗಿಸಿ ಕನ್ನಡಕ ಹಾಕಿದಳು. ತಂದೆ ಬಹಳ ಹೊತ್ತು ನೋಡಿದ. ಮೊದಲು ಅವನ ಬೆರಳು ಹೋದದ್ದು ಹಕ್ಕಿಗಳ ಮೇಲಲ್ಲ. ಬಾವುಟ ಚಂದ ಹಿಡಿದಾನ ಹುಡುಗ ಎಂದ. ಆಮೇಲೆ ಕತ್ತರಿ ಗುರುತನ್ನು ಮುಟ್ಟಿದ. ಆಮೇಲೆ ಎಡಗಡೆಯ ರೆಕ್ಕೆಗಳು, ಬಲಗಡೆಯ ರೆಕ್ಕೆಗಳು. ಬೆರಳು ನಿಂತಿತು.

“ನೀನೂ ನೋಡಿದಿ?”

“ನೋಡಿದೆ ಅಪ್ಪಾ. ಎರಡೂ ಕಡೆ ಇದ್ದವು.”

ತಂದೆ ಮಗನ ತಲೆಯ ಮೇಲೆ ಕೈಯಿಟ್ಟ. ಇಪ್ಪತ್ತೆರಡು ವರ್ಷದ ಭಾರ ಅಷ್ಟರಲ್ಲಿ ಇಳಿಯಿತು.

ಮೂರು ದಿನ ಬಿಟ್ಟು ತಂದೆ, ಸ್ಟೇಷನ್ನಿಗೆ ಹೋಗಬೇಕು ಎಂದ. ಹಳಿ ಕಾಯುವ ನಾಲ್ವರು ಆಳುಗಳು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಫೋಟೋ ಅವನ ತೊಡೆಯ ಮೇಲಿತ್ತು. ಪೋರ್ಟರುಗಳು, ಟಿಕೆಟ್ ಬಾಬುಗಳು, ಚಹಾದವರು ಸುತ್ತ ನಿಂತು ನೋಡಿದರು. ಹೆಂಡದ ಮಾತಾಡಿದ್ದ ಡ್ರೈವರ್ ಈಗ ನಿವೃತ್ತ, ಕೋಲೂರಿಕೊಂಡು ಬಂದಿದ್ದ. ಅವನು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಜೋಡಿಸಿದ. ನಾವು ಮುಂದೆ ಇದ್ದೆವು, ಸಾಹೇಬ್ರ, ನಮಗೆ ಹಿಂದಿನದು ಹೇಗೆ ಕಾಣಬೇಕು ಎಂದ. ಗಾರ್ಡ್ ನಕ್ಕು, ಇನ್ನು ಗಾಡಿ ತಡವಾದರೆ ಯಾರನ್ನು ಬೈಯುತ್ತೀರಿ ಎಂದು ಕೇಳಿದ. ಇಡೀ ಪ್ಲಾಟ್‌ಫಾರ್ಮ್ ನಕ್ಕಿತು. ಈ ಸಲದ ನಗುವಿನಲ್ಲಿ ಅವನೂ ಇದ್ದ.

ಬೆಳಗಿನ ಗಾಡಿ ಹೊರಟಿತು. ಕೊನೆಯ ಡಬ್ಬಿ ಕುರ್ಚಿಯ ಮುಂದೆ ಬಂದಾಗ ಆ ಎಳೆಯ ಗಾರ್ಡ್ ಮೈ ನೆಟ್ಟಗೆ ಮಾಡಿ ನಿಂತು ಹಸಿರು ಬಾವುಟ ಬಿಚ್ಚಿ ಹಿಡಿದ. ಮುದುಕನೂ ಬರಿಗೈಯನ್ನೇ ಬಾವುಟದಂತೆ ಎತ್ತಿ ಹಿಡಿದ. ಗಾಡಿ ಪೂರ್ತಿಯಾಗಿ ಹೋಗುವವರೆಗೆ ಆ ಕೈ ಇಳಿಯಲಿಲ್ಲ. ಅವನು ಆ ಯುಗಾದಿಯ ಬೇವುಬೆಲ್ಲ ತಿಂದ. ಮುಂದಿನ ಯುಗಾದಿಯದನ್ನೂ ತಿಂದ. ಆ ಫೋಟೋ ಇವತ್ತಿಗೂ ಅವರ ದೇವರಮನೆಯಲ್ಲಿದೆ.

ಅಲ್ಲಿಗೆ ಅಜ್ಜಾರು ಕತೆ ಮುಗಿಸಿದರು. ನನ್ನ ಮುಂದಿನ ಪತ್ರೆಗಳು ಬಿಡಿಸಿದಷ್ಟೇ ಇದ್ದವು, ಕತೆಯಲ್ಲಿ ಕೈ ನಿಂತುಹೋಗಿತ್ತು. ಸಂಗನಬಸವ ಗಂಟನ್ನು ಸರಿಮಾಡಿಕೊಂಡು, ತಮ್ಮ ಅಪ್ಪಣೆ ಏನು ಎಂದು ಮೆಲ್ಲಗೆ ಕೇಳಿದ.

ಅಜ್ಜಾರು ಅವನ ಮುಖ ನೋಡಿ ನಕ್ಕರು.

“ಡಬ್ಬಿಗಳು ಇನ್ನೂ ಹೋಗುತ್ತಲೇ ಇವೆ ಸಂಗನಬಸವಾ, ಈಗಲೇ ಗೇಟು ತೆಗೆ ಎಂದು ನನ್ನನ್ನು ಕೇಳಲು ಬಂದೆಯಾ?”

ಗಂಟು ಸಂಗನಬಸವನ ತೊಡೆಯಿಂದ ಕೆಳಗೆ ಇಳಿಯಿತು.